ಮರಿಗಳಿಗೆ ಮೈಯನ್ನುಣಿಸುವ ಮೀನು

ಹುಟ್ಟಿದ ಮರಿಗೆ ತನ್ನ ದೇಹದಿಂದಲೇ ಆಹಾರವನ್ನು ಒದಗಿಸುವುದು ಸಸ್ತನಿಗಳ ಲಕ್ಷಣವೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಮೀನುಗಳಾದರೋ, ಬಹುಮಟ್ಟಿಗೆ ಮೊಟ್ಟೆಯಿಟ್ಟು ಸಂತಾನವನ್ನು ವಿಧಿಯ ಕೈಗೊಪ್ಪಿಸಿ ಹೊರಟುಹೋಗುತ್ತವೆ. ಈ ಮಾತಿಗೆ ವಿಸ್ಮಯಕರವಾದ ಅಪವಾದವೊಂದುಂಟು. ಅದೇ ಡಿಸ್ಕಸ್ ಮೀನು. ಇದನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿ ಮರಿಮಾಡಿಸಬೇಕೆನ್ನುವವರು ನೀರಿನ ಗುಣಗಳನ್ನರಿತರೆ ಸಾಲದು, ಈ ಅಪವಾದವನ್ನೂ ಅರಿತಿರಬೇಕು. ಅದನ್ನು ಕಡೆಗಣಿಸಿದುದರ ಫಲವನ್ನು ನಾನು ಸ್ವತಃ ಅನುಭವಿಸಿದ್ದೇನೆ.

ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಜಲಾನಯನ ಪ್ರದೇಶ ಈ ಮೀನಿನ ತವರು. 1840ರಲ್ಲಿ ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞನಾದ ಹೆಕೆಲ್ ಇದನ್ನು ಮೊದಲಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿ, ಸಿಂಫೈಸೊಡಾನ್ ಎಂಬ ಕುಲನಾಮವನ್ನು ಕೊಟ್ಟನು. ಸುಮಾರು 15 ಸೆಂಟಿಮೀಟರ್ ಬೆಳೆಯುವ ಇದರ ದೇಹ ತಟ್ಟೆಯಂತೆ ದುಂಡಗೆ, ಎರಡು ಪಕ್ಕಗಳಿಂದಲೂ ಒತ್ತಿದಂತೆ ಚಪ್ಪಟೆ. ಮುಳುಗಿದ ಮರಗಳ ಬೇರು ಕೊಂಬೆಗಳ ನಡುವೆ ನುಸುಳಲು ಈ ಆಕಾರ ಅನುಕೂಲವಾಗಿದೆ. ಅಮೆಜಾನಿನ ಉಪನದಿಗಳಲ್ಲೊಂದಾದ ರಿಯೋ ನೆಗ್ರೋದ ಹೆಸರಿಗೆ ಕಪ್ಪು ನದಿಯೆಂದೇ ಅರ್ಥ. ಕೊಳೆತ ಎಲೆಗಳ ಸಾರವಿಳಿದು ಅದರ ನೀರು ಹಾಲು ಬೆರಸದ ಚಹದಂತೆ ಕಾಣುತ್ತದೆ. ಆ ನೀರು ಬೆಚ್ಚಗಿದ್ದು, ಆಮ್ಲೀಯವಾಗಿದ್ದು, ಲವಣಾಂಶದಲ್ಲಿ ಬಲು ಬಡವಾಗಿರುತ್ತದೆ. ನಮ್ಮ ತೊಟ್ಟಿಯಲ್ಲಿಯೂ ಇಂತಹ ನೀರನ್ನು ಒದಗಿಸುವುದೇ ಸಾಕಣೆಯ ಮೊದಲ ಪಾಠ.

ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಹಿತಕರ. 100 ಲೀಟರ್ ನೀರನ್ನು 24ರಿಂದ 29 ಡಿಗ್ರಿಗೆ ಏರಿಸಬೇಕೆನ್ನೋಣ. ಇದಕ್ಕೆ ಸುಮಾರು 2,100 ಕಿಲೋಜೌಲ್ ಶಾಖ ಬೇಕು. 100 ವಾಟ್ ಹೀಟರ್ ಇದನ್ನೊದಗಿಸಲು, ಹೊರಕ್ಕೆ ಸೋರಿಹೋಗುವ ಶಾಖವನ್ನು ಲೆಕ್ಕಿಸದಿದ್ದರೂ, ಆರು ಗಂಟೆಗಳಷ್ಟು ಹಿಡಿಯುತ್ತದೆ. ಇಷ್ಟು ನಿಧಾನವಾಗಿ ಕಾಯುವ ನೀರು ಅಷ್ಟೇ ನಿಧಾನವಾಗಿ ಆರುತ್ತದೆ. ವಿದ್ಯುತ್ತು ನಿಂತ ರಾತ್ರಿ ದೊಡ್ಡ ತೊಟ್ಟಿಯ ಮೀನು ಸುರಕ್ಷಿತವಾಗಿರುವುದು ಇದರಿಂದಲೇ. ಆದರೆ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದುದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಆದ್ದರಿಂದ ಗಾಳಿಯೂಡುವ ಪಂಪು ಇಲ್ಲಿ ಕೇವಲ ಅಲಂಕಾರವಲ್ಲ.

ನಮ್ಮ ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡಸು. ಬೆಳೆದ ಮೀನು ಅದನ್ನು ಸ್ವಲ್ಪಮಟ್ಟಿಗೆ ಸಹಿಸಬಲ್ಲದು. ಆದರೆ ಮೆದು ನೀರಿನಲ್ಲಿ ಮೊಟ್ಟೆಗಳು ಹೆಚ್ಚು ಫಲಿಸುತ್ತವೆಂಬುದು ಸಾಕಣೆಗಾರರ ಅನುಭವ. ಮೊದಲ ಮಳೆಗಳಲ್ಲಿ ಚಾವಣಿ ತೊಳೆದುಹೋದ ಮೇಲೆ ಹಿಡಿದ ಶುದ್ಧ ಮಳೆನೀರನ್ನು ಬಾವಿಯ ನೀರಿಗೆ ಬೆರಸುವುದೇ ನಾನು ಕಂಡುಕೊಂಡ ಸುಲಭೋಪಾಯ.

ಗಂಡು ಹೆಣ್ಣುಗಳನ್ನು ನೋಟದಿಂದ ಗುರುತಿಸುವುದು ಕಷ್ಟ. ಆದುದರಿಂದ ಐದಾರು ಎಳೆಯ ಮೀನುಗಳನ್ನು ಒಟ್ಟಿಗೆ ಬೆಳೆಸಿ, ಜೋಡಿಯನ್ನು ಅವೇ ಆರಿಸಿಕೊಳ್ಳಲು ಬಿಡಬೇಕು. ಜೊತೆಗೂಡಿದ ಮೀನುಗಳು ಬೋರಲಿಟ್ಟ ಮಣ್ಣಿನ ಕುಂಡದ ಹೊರಮೈಯನ್ನು ಬಾಯಿಂದ ಉಜ್ಜಿ ಶುಚಿಗೊಳಿಸುತ್ತವೆ. ಹೆಣ್ಣು ಸಾಲುಸಾಲಾಗಿ ಮೊಟ್ಟೆಗಳನ್ನು ಅಂಟಿಸುತ್ತದೆ. ಗಂಡು ಹಿಂದೆಯೇ ಸಾಗಿ ಅವನ್ನು ಫಲಿತಗೊಳಿಸುತ್ತದೆ. ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆಯುತ್ತದೆ. ಮತ್ತೆ ಎರಡು ಮೂರು ದಿನಗಳಿಗೆ ಮರಿಗಳು ಈಜತೊಡಗುತ್ತವೆ.

ನನ್ನ ಮೊದಲ ಪ್ರಯತ್ನ ಇಲ್ಲಿಯವರೆಗೆ ಸುಗಮವಾಗಿತ್ತು. ಎಳೆಯ ಜೋಡಿಗಳು ತಮ್ಮ ಸಂತಾನವನ್ನೇ ತಿಂದುಬಿಡುವುದುಂಟೆಂದು ಕೇಳಿದ್ದ ನಾನು, ಈಜತೊಡಗಿದ ಮರಿಗಳನ್ನು ಬೇರೆ ತೊಟ್ಟಿಗೆ ಸಾಗಿಸಿದೆ. ಅಲ್ಲಿ ಉಷ್ಣತೆ ಸರಿಯಾಗಿತ್ತು, ನೀರು ಮೆದುವಾಗಿತ್ತು, ಸೂಕ್ಷ್ಮವಾದ ಜೀವಂತ ಆಹಾರವೂ ಇತ್ತು. ಮರಿಗಳು ಮಾತ್ರ ಗಾಜಿನ ಗೋಡೆಗಳ ಉದ್ದಕ್ಕೂ ಏನನ್ನೋ ಅರಸುತ್ತಾ ಅಲೆದವು. ನಾಲ್ಕನೆಯ ದಿನ ಒಂದೂ ಉಳಿಯಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಳತೆಗಳೆಲ್ಲವೂ ಇದ್ದವು; ಅವು ಅರಸಿದ್ದ ವಸ್ತುವಿನ ಹೆಸರು ಮಾತ್ರ ಇರಲಿಲ್ಲ.

ಆ ವಸ್ತು ತಾಯಿತಂದೆಗಳ ಮೈಮೇಲಿನ ಲೋಳೆ. ಈಜತೊಡಗಿದ ಡಿಸ್ಕಸ್ ಮರಿಗಳು ನೇರವಾಗಿ ತಾಯಿತಂದೆಗಳ ಪಕ್ಕಕ್ಕೆ ಹೋಗಿ ಲೋಳೆಯನ್ನು ಮೇಯುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲಿನ ವಿಜ್ಞಾನಿಯೊಡಗೂಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮರ್ಮವನ್ನು ತಿಳಿಸುತ್ತದೆ. ಮೊಟ್ಟೆಯಿಡುವ ಹೊತ್ತಿಗೆ ಲೋಳೆಯಲ್ಲಿ ಪ್ರೋಟೀನೂ ರೋಗನಿರೋಧಕ ಪ್ರತಿಕಾಯಗಳೂ ಹೆಚ್ಚುತ್ತವೆ. ಮೂರನೆಯ ವಾರದ ಸುಮಾರಿಗೆ ತಾಯಿತಂದೆಗಳು ಮರಿಗಳಿಂದ ದೂರ ಸರಿಯತೊಡಗಿ, ಸಸ್ತನಿಗಳು ಹಾಲು ಬಿಡಿಸುವಂತೆಯೇ ಅವನ್ನು ಸ್ವತಂತ್ರಗೊಳಿಸುತ್ತವೆ. ಹಸುವಿಗೂ ಮೀನಿಗೂ ಎಷ್ಟು ದೂರ! ಆದರೂ ಪ್ರಕೃತಿ ಒಂದೇ ಸಮಸ್ಯೆಗೆ ಎರಡು ಕಡೆ ಒಂದೇ ಬಗೆಯ ಉತ್ತರವನ್ನು ಕಂಡುಕೊಂಡಿದೆ.

ಮರುವರ್ಷ ಅದೇ ಜೋಡಿ ಮತ್ತೆ ಮೊಟ್ಟೆಯಿಟ್ಟಿತು. ಈ ಬಾರಿ ನಾನು ಉಷ್ಣತಾಮಾಪಕವನ್ನು ನೋಡಿಕೊಂಡು ಸುಮ್ಮನಿದ್ದೆ. ಮರಿಗಳು ಕಪ್ಪು ಚುಕ್ಕೆಗಳಂತೆ ತಾಯಿಯ ಮೈಗೆ ಮುತ್ತಿಕೊಂಡವು. ಸ್ವಲ್ಪ ಹೊತ್ತಿನಲ್ಲಿ ತಾಯಿ ಮೈಯನ್ನೊಮ್ಮೆ ಕೊಡಹಿತು. ಮರಿಗಳೆಲ್ಲವೂ ಗುಂಪಾಗಿ ತಂದೆಯ ಮೈಗೆ ವರ್ಗವಾದವು. ಅಳತೆಯಿಲ್ಲದೆ ವಿಜ್ಞಾನವಿಲ್ಲ, ನಿಜ. ಆದರೆ ಯಾವುದನ್ನು ಅಳೆಯಬೇಕೆಂಬುದನ್ನು ತಿಳಿಯಲು ಮೊದಲು ಕಣ್ತೆರೆದು ನೋಡಬೇಕು. ಆ ವರ್ಷ ನಮ್ಮ ಮನೆಯಲ್ಲಿ ಮೂವತ್ತೆರಡು ಮರಿಗಳು ಬೆಳೆದವು.