ಯಾವ ಎಡಿಟರ್ ಚಲೋ, ಅಣ್ಣಾ?

ಬಬಲೇಶ್ವರದ ಕಾಕಾನ ಮಗಳು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ. ಹೋದ ವಾರ ಫೋನ್ ಮಾಡಿ, "ಅಣ್ಣಾ, ವಿಮ್ ಕಲೀಲೋ, ವಿಎಸ್ ಕೋಡ್ ಸಾಕೋ? ಯಾವ್ದು ಚಲೋ ಐತಿ ಹೇಳಿಬಿಡು" ಅಂದಳು. ವಿಡಿಯೊ ನೋಡಿ ನೋಡಿ 20 ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದಾಳೆ. 4 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡ್ತಿದೆ.

"ದಿನಾ ನಿನ್ನ ಕೈ ಏನ್ ಮಾಡ್ತೈತಿ, ಮೊದಲ ಅದನ್ನ ಹೇಳು" ಅಂದೆ.

ಈ ಪ್ರಶ್ನೆ ನನಗೇ ತಡವಾಗಿ ಹೊಳೆದದ್ದು. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಗ ಸೀನಿಯರ್ ಒಬ್ಬರ ಬೆರಳು ವಿಮ್‌ನಲ್ಲಿ ಓಡೋದು ನೋಡಿ ನಾನೂ ಅದನ್ನೇ ಹಿಡಿದೆ. ಮೂರು ತಿಂಗಳು ಒದ್ದಾಡಿ ಬಿಟ್ಟೆ. ಆಮೇಲೆ ಮನೆಯಿಂದಲೇ ಕೆಲಸ ಅಂತ ತಿಕೋಟಾಕ್ಕೆ ಬಂದೆ. ಒಂದು ಸಂಜೆ ಗಾಳಿ ಮಳೆಗೆ ಕರೆಂಟ್ ಹೋಯ್ತು, ಅದರ ಜೊತೆ ನೆಟ್ಟೂ ಹೋಯ್ತು. ಬ್ರೌಸರ್‌ನಲ್ಲೇ ತೆರೆಯೋ ಒಂದು ಎಡಿಟರ್‌ನಲ್ಲಿ ಎರಡು ತಾಸು ಬರೆದದ್ದು ಮಾಯ. ಅವತ್ತೇ ರಾತ್ರಿ ರಿಲೀಸ್. ಬೈಕ್ ಹತ್ತಿ ಸುಮಾರು 20 ಕಿ.ಮೀ. ದೂರದ ವಿಜಯಪುರಕ್ಕೆ ಹೋಗಿ, ಗೆಳೆಯನ ರೂಮಿನಲ್ಲಿ ಕೂತು ನಡುರಾತ್ರಿ 2ರ ತನಕ ಮತ್ತೆ ಬರೆದೆ. ಎಡಿಟರ್‌ಗೆ ಬೈದದ್ದಂತೂ ಹೌದು. ಆದರೆ ಸೇವ್ ಒತ್ತೋ ಅಭ್ಯಾಸ ನನಗೆ ಇಲ್ಲವೇ ಇಲ್ಲ ಅನ್ನೋದು ಆ ರಾತ್ರಿಯೇ ಗೊತ್ತಾದದ್ದು.

ಹಾಗಾಗಿ ಬಿಟ್ಟಿದ್ದ ವಿಮ್‌ಗೇ ಮರಳಿದೆ. ಅದರ ಅಜ್ಜ 'ವಿಐ'ಯನ್ನು 1976ರಲ್ಲಿ ಬಿಲ್ ಜಾಯ್ ಬರೆದದ್ದು 300 ಬಾಡ್ ಮೋಡೆಮ್ ಮೇಲೆ, ಅಂದ್ರೆ ಸೆಕೆಂಡಿಗೆ 30 ಅಕ್ಷರ ದಾಟೋ ತಂತಿ. ಅದಕ್ಕೇ ಅದರ ಆಜ್ಞೆಗಳು ಒಂದೆರಡು ಅಕ್ಷರದಲ್ಲಿ ಮುಗಿಯುತ್ತವೆ. ನಮ್ಮೂರ ನೆಟ್‌ಗೆ ಹೇಳಿ ಮಾಡಿಸಿದಂಗೆ! 1991ರಲ್ಲಿ ಬ್ರಾಮ್ ಮೋಲೆನಾರ್ ಹೊರತಂದ ವಿಮ್, 200 ಅಕ್ಷರ ಒತ್ತಿದಾಗ ಅಥವಾ 4 ಸೆಕೆಂಡ್ ಕೈ ನಿಂತಾಗ ನಾವು ಬರೆದದ್ದನ್ನು ತಾನಾಗಿಯೇ ಬೇರೆ ಸ್ವಾಪ್ ಫೈಲ್‌ನಲ್ಲಿ ಎತ್ತಿಡುತ್ತದೆ. ಸರ್ವರ್ ಮೇಲೆ ಟಿಮಕ್ಸ್ ಒಳಗೆ ತೆರೆದಿಟ್ಟರೆ ಇಲ್ಲಿ ನೆಟ್ ಹೋದರೂ ಅಲ್ಲಿ ಫೈಲ್ ಹಾಗೇ ಇರುತ್ತದೆ.

ಆದರೆ ಅಪ್ಪನ ದ್ರಾಕ್ಷಿ ಲೆಕ್ಕ ಅದರಲ್ಲಿ ಆಗಲಿಲ್ಲ. ಅಕ್ಟೋಬರ್ ಚಾಟ್ನಿ ಆದ ದಿನದಿಂದ ಎಣಿಸಿ, ಯಾವ ದಿನ ಯಾವ ಔಷಧ ಹೊಡೆದ್ವಿ ಅಂತ "ಬರ್ಕೋ ತಮ್ಮಾ" ಅಂತಾರೆ ಅಪ್ಪ. ನನ್ನ ಟರ್ಮಿನಲ್‌ನಲ್ಲಿ 'ದ್ರಾಕ್ಷಿ'ಯ ಒತ್ತಕ್ಷರ ಚೆಲ್ಲಾಪಿಲ್ಲಿ. ಮೇಲಾಗಿ ಕನ್ನಡ ಕೀಲಿಮಣೆ ಆನ್ ಇದ್ದಾಗ ಸಾಲು ಅಳಿಸೋಣ ಅಂತ ಡಿ ಕೀಲಿ ಎರಡು ಸಲ ಒತ್ತಿದರೆ ವಿಮ್‌ಗೆ ಹೋಗೋದು 'ದದ'. ಅದಕ್ಕೆ ತಲೆಬುಡ ತಿಳಿಯೋದಿಲ್ಲ. ಹೀಗಾಗಿ ಕನ್ನಡಕ್ಕೆ ವಿಎಸ್ ಕೋಡ್ ಇಟ್ಟುಕೊಂಡೆ. ಫೈಲ್ ಮೆನುವಿನಲ್ಲಿ ಆಟೋ ಸೇವ್‌ಗೆ ಟಿಕ್ ಹಾಕಿದ್ದೇನೆ, ನಿಮ್ಮದರಲ್ಲೂ ಹಾಕಿಲ್ಲದಿದ್ದರೆ ಈಗಲೇ ಹಾಕಿ. ಎರಡೆರಡು ಎಡಿಟರ್ ಯಾಕೆ ಅಂತ ಆಫೀಸಿನವರು ನಗ್ತಾರೆ. ನಗಲಿ.

ತಂಗಿಯ ಕೈ ಏನು ಮಾಡ್ತದೆ? ಜಾವಾ ಪ್ರಾಜೆಕ್ಟ್, ಡಿಬಗ್ ಬಟನ್, ಬಲಗೈಯಲ್ಲಿ ಸದಾ ಮೌಸ್. ಅವಳಿಗೆ ಸದ್ಯ ವಿಮ್ ಬೇಡ. "ವಿಎಸ್ ಕೋಡ್ ಇರ್ಲಿ, ಈ ವಾರ ಮುಟ್ಟದ ಎಕ್ಸ್‌ಟೆನ್ಷನ್ ಎಲ್ಲಾ ತಗದ್ ಹಾಕು. ಎಂದಾರ ಸರ್ವರ್‌ನ್ಯಾಗ ವಿಮ್ ಒಳಗ ಸಿಕ್ಕೊಂಡ್ರ ಎಸ್ಕೇಪ್ ಒತ್ತಿ ಕೋಲನ್, ಡಬ್ಲ್ಯೂ, ಕ್ಯೂ ಹೊಡ್ದು ಎಂಟರ್ ಒತ್ತು, ಸೇವ್ ಆಗಿ ಹೊರಗ ಬರ್ತಿ. ಅಷ್ಟ ಸಾಕು."

ಮರುದಿನ ಫೋನ್ ಬಂತು. "ಹದಿನೇಳು ತಗದೀನಿ ಅಣ್ಣಾ. ಆ ಗುಲಾಬಿ ಬಣ್ಣದ ಥೀಮ್ ಮಾತ್ರ ತಗ್ಯಾಂಗಿಲ್ಲ ನೋಡು."

"ಇರ್ಲಿ ಬಿಡವ್ವಾ" ಅಂದೆ.