ಹೃದಯಕ್ಕಾಗಿ ಇರುಳು ಸವಾರಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಬ್ರೈಟನ್ ಎಂಬ ಪಟ್ಟಣವಿದೆ. ಲಂಡನ್ ನಗರದಿಂದ ಅಲ್ಲಿಗೆ ಸೈಕಲ್ಲಿನ ದಾರಿ ೫೪ ಮೈಲಿ, ಎಂದರೆ ಸುಮಾರು ೮೭ ಕಿಲೋಮೀಟರು. ೧೯೭೬ರಲ್ಲಿ ಕೆಲವೇ ಮಂದಿ ಉತ್ಸಾಹಿಗಳು ಈ ದಾರಿಯಲ್ಲಿ ಒಟ್ಟಾಗಿ ಸೈಕಲ್ ತುಳಿದರು. ೧೯೮೦ರಿಂದ ಈ ಸವಾರಿ ಬ್ರಿಟಿಷ್ ಹಾರ್ಟ್ ಫೌಂಡೇಷನ್ ಎಂಬ ಸಂಸ್ಥೆಯ ಧರ್ಮಕಾರ್ಯದೊಡನೆ ಕೂಡಿಕೊಂಡಿತು. ಮುಂದೆ ಸಾವಿರಾರು ಜನ ಸೇರುವ ಜಾತ್ರೆಯೇ ಆಯಿತು. ಹಗಲಿನ ಸವಾರಿ ಸಾಲದೆಂಬಂತೆ ೨೦೧೦ರ ದಶಕದಲ್ಲಿ ಅದೇ ಸಂಸ್ಥೆ ಇರುಳು ಸವಾರಿಯನ್ನೂ ಏರ್ಪಡಿಸಿತು. ರಾತ್ರಿ ಲಂಡನ್ನನ್ನು ಬಿಟ್ಟು, ಹಳ್ಳಿಗಾಡಿನ ಕತ್ತಲನ್ನು ಹಾದು, ಬೆಳಗಿನ ಹೊತ್ತಿಗೆ ಕಡಲ ದಂಡೆಯನ್ನು ಮುಟ್ಟುವುದೇ ಅದರ ಕ್ರಮ.

ಇಂಥ ಸವಾರಿಯಿಂದ ಹಣ ಕೂಡುವ ಬಗೆ ಸರಳವಾದುದು. ಸವಾರನು ತನ್ನ ನೆಂಟರನ್ನೂ ಗೆಳೆಯರನ್ನೂ ಜೊತೆಗೆಲಸದವರನ್ನೂ ಕಂಡು, "ನಾನು ಈ ದಾರಿಯನ್ನು ಮುಗಿಸುತ್ತೇನೆ, ನೀವು ನಿಮ್ಮ ಕೈಲಾದಷ್ಟು ಕೊಡಿ" ಎಂದು ಕೇಳುತ್ತಾನೆ. ಬೆವರು ಸವಾರನದು, ಕಾಣಿಕೆ ನೆರೆಹೊರೆಯವರದು, ಫಲ ರೋಗಿಗಳದು. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವುಂಟು. ಒಂದು ರಾತ್ರಿಯ ಸವಾರಿಯಲ್ಲಿ ಭೌತವಿಜ್ಞಾನ, ಶರೀರವಿಜ್ಞಾನ, ದೃಷ್ಟಿವಿಜ್ಞಾನ ಇವೆಲ್ಲವೂ ಒಂದೇ ಪೀಠದ ಮೇಲೆ ಕುಳಿತು ಪಯಣಿಸುತ್ತವೆ. ಅವನ್ನು ಒಂದೊಂದಾಗಿ ನೋಡೋಣ.

ಕಾಲಿನ ಲೆಕ್ಕ

ಸಮತಟ್ಟಾದ ದಾರಿಯಲ್ಲಿ ಗಂಟೆಗೆ ೨೦ ಕಿಲೋಮೀಟರಿನಂತೆ ಸಾಗುವ ಸವಾರನನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಮೊದಲನೆಯದು ಗಾಳಿಯ ತಡೆ. ನೆಟ್ಟಗೆ ಕುಳಿತ ಸವಾರನಿಗೆ ಇದು ಸುಮಾರು ೧೧ ನ್ಯೂಟನ್. ಎರಡನೆಯದು ಟೈರು ನೆಲದ ಮೇಲೆ ಉರುಳುವಾಗ ಅಮುಕಿ ಅರಳುವುದರಿಂದ ಉಂಟಾಗುವ ತಡೆ. ಇದು ಸುಮಾರು ೫ ನ್ಯೂಟನ್. ಒಟ್ಟು ೧೬ ನ್ಯೂಟನ್. ವೇಗ ಸೆಕೆಂಡಿಗೆ ೫.೬ ಮೀಟರು. ಎರಡನ್ನೂ ಗುಣಿಸಿದರೆ ಬೇಕಾದ ಸಾಮರ್ಥ್ಯ ೯೦ ವಾಟ್ ಎಂದಾಗುತ್ತದೆ. ಮನೆಯಲ್ಲಿ ಉರಿಯುವ ೯ ವಾಟಿನ ಹತ್ತು ದೀಪಗಳಿಗೆ ಸಾಲುವಷ್ಟು, ಅಷ್ಟೆ!

ವೇಗವನ್ನು ಗಂಟೆಗೆ ೩೦ ಕಿಲೋಮೀಟರಿಗೆ ಏರಿಸಿದರೆ ಏನಾದೀತು? ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆದುದರಿಂದ ೧೧ ನ್ಯೂಟನ್ ಇದ್ದದ್ದು ೨೫ ಆಗುತ್ತದೆ. ಒಟ್ಟು ತಡೆ ೩೦ ನ್ಯೂಟನ್ನಿಗೆ ಮುಟ್ಟುತ್ತದೆ. ಬೇಕಾದ ಸಾಮರ್ಥ್ಯ ೨೫೦ ವಾಟ್ ಆಗುತ್ತದೆ. ವೇಗ ಒಂದೂವರೆಪಟ್ಟಾದರೆ ದುಡಿಮೆ ಎರಡೂಮುಕ್ಕಾಲು ಪಟ್ಟು! ದೂರದ ಸವಾರಿಯಲ್ಲಿ ಅನುಭವಸ್ಥರು ಮೊದಲೇ ಅವಸರಪಡದಿರುವುದಕ್ಕೆ ಇದೇ ಕಾರಣ.

ಇನ್ನು ಆಹಾರದ ಲೆಕ್ಕ. ೮೭ ಕಿಲೋಮೀಟರಿನ ಉದ್ದಕ್ಕೂ ೧೬ ನ್ಯೂಟನ್ನಿನ ತಡೆಯನ್ನು ಗೆಲ್ಲಲು ಸುಮಾರು ೧೪ ಲಕ್ಷ ಜೌಲ್ ಕೆಲಸ ನಡೆಯಬೇಕು. ಆದರೆ ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲುವು; ಉಳಿದ ಮುಕ್ಕಾಲು ಪಾಲು ಶಾಖವಾಗಿ ಹೋಗುತ್ತದೆ. ಹೀಗೆ ನೋಡಿದರೆ, ದಾರಿಯ ಏರುಗಳ ಬಾಬ್ತನ್ನೂ ಸೇರಿಸಿ, ಸುಮಾರು ೧,೫೦೦ ಕಿಲೋಕ್ಯಾಲರಿ ಬೇಕಾಗುತ್ತದೆ. ಅಷ್ಟೇ ದೂರವನ್ನು ನಡೆದು ಹೋಗುವುದಾದರೆ ಇದರ ಮೂರರಷ್ಟು ಬೇಕಾದೀತು. ನಡೆಯುವವನು ಹೆಜ್ಜೆ ಹೆಜ್ಜೆಗೂ ತನ್ನ ಮೈಯನ್ನೇ ಎತ್ತಿ ಇಳಿಸಬೇಕು. ಸೈಕಲ್ಲಿನವನ ಭಾರವನ್ನು ಗಾಲಿಗಳು ಹೊರುತ್ತವೆ.

ಈ ಶಕ್ತಿಯ ಹಗೇವು ದೇಹದಲ್ಲಿ ಎರಡು ಬಗೆಯದು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು ೫೦೦ ಗ್ರಾಂ ಶರ್ಕರವಸ್ತು ಕೂಡಿಟ್ಟಿರುತ್ತದೆ. ಇದರ ಬೆಲೆ ೨,೦೦೦ ಕಿಲೋಕ್ಯಾಲರಿ. ಎರಡನೆಯದು ಕೊಬ್ಬು, ಅದು ತೆಳ್ಳಗಿನ ಮನುಷ್ಯನಲ್ಲಿ ಕೂಡ ಹಲವು ದಿನಕ್ಕೆ ಸಾಲುವಷ್ಟಿರುತ್ತದೆ, ಆದರೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ತೋಳಿನ ಸ್ನಾಯುವಿನಲ್ಲಿರುವ ಗ್ಲೈಕೋಜನ್ ಕಾಲಿನ ಸ್ನಾಯುವಿಗೆ ಒದಗಲಾರದು. ಆದಕಾರಣ ೨,೦೦೦ ಇದ್ದರೂ ೧,೫೦೦ರ ವೆಚ್ಚಕ್ಕೆ ಅದು ಧಾರಾಳವೆಂದು ತಿಳಿಯಬಾರದು. ಜಾಣ ಸವಾರನು ಹಸಿವಾಗುವ ಮುನ್ನವೇ ಗಂಟೆಗೆ ೩೦ರಿಂದ ೬೦ ಗ್ರಾಂ ಶರ್ಕರವಸ್ತು ಒಳಸೇರುವಂತೆ ಬಾಳೆಹಣ್ಣನ್ನೋ ಬ್ರೆಡ್ಡನ್ನೋ ತಿನ್ನುತ್ತ ಹೋಗುತ್ತಾನೆ.

ಸುಣ್ಣದ ಬೆಟ್ಟದ ಪರೀಕ್ಷೆ

ಬ್ರೈಟನ್ನಿಗೆ ಹತ್ತಿರವಾದಂತೆ ಸೌತ್ ಡೌನ್ಸ್ ಎಂಬ ಸೀಮೆಸುಣ್ಣದ ಬೆಟ್ಟಸಾಲು ಅಡ್ಡಬರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಕೂಡಿ ಆದ ಬೆಟ್ಟಗಳಿವು. ಹಗಲಿನ ಸವಾರಿಯವರೆಲ್ಲರಿಗೂ ಹೆಸರುವಾಸಿಯಾದ ಡಿಚ್ಲಿಂಗ್ ಬೀಕನ್ ಶಿಖರ ಇಲ್ಲಿಯದೇ. ಅದರ ಎತ್ತರ ಸಮುದ್ರಮಟ್ಟದಿಂದ ೨೪೮ ಮೀಟರು. ನಮ್ಮ ಪಶ್ಚಿಮಘಟ್ಟವನ್ನು ಕಂಡವರಿಗೆ ಇದು ಗುಡ್ಡವೆಂದೇ ತೋರೀತು. ಆದರೆ ಸುಮಾರು ಒಂದೂವರೆ ಕಿಲೋಮೀಟರಿನೊಳಗೆ ದಾರಿ ೧೪೦ ಮೀಟರಿನಷ್ಟು ಏರುತ್ತದೆ ಎಂಬುದನ್ನು ಮರೆಯಬಾರದು.

ಸವಾರನೂ ಸೈಕಲ್ಲೂ ಸೇರಿ ೮೫ ಕಿಲೋಗ್ರಾಂ ತೂಗುವುದಾದರೆ ಅಷ್ಟು ಭಾರವನ್ನು ೧೪೦ ಮೀಟರು ಎತ್ತಲು ಸುಮಾರು ೧ ಲಕ್ಷದ ೧೭ ಸಾವಿರ ಜೌಲ್ ಬೇಕು. ಬಯಲಿನಲ್ಲಿ ದುಡಿಯುತ್ತಿದ್ದ ೯೦ ವಾಟಿನಲ್ಲಿಯೇ ಏರುತ್ತೇನೆಂದರೆ ಇಪ್ಪತ್ತು ನಿಮಿಷಕ್ಕೂ ಮಿಕ್ಕು ಕಾಲ ಹಿಡಿಯುತ್ತದೆ. ಆಗ ವೇಗ ಗಂಟೆಗೆ ೪ ಕಿಲೋಮೀಟರು ಮಾತ್ರ, ಎಂದರೆ ನಡಿಗೆಯ ವೇಗ. ಅಷ್ಟು ನಿಧಾನದಲ್ಲಿ ಸೈಕಲ್ಲಿನ ಸಮತೋಲ ಉಳಿಯುವುದು ಕಷ್ಟ. ಗಿಯರನ್ನು ಬದಲಾಯಿಸಿದರೆ ಪೆಡಲಿನ ಮೇಲೆ ಒತ್ತಬೇಕಾದ ಬಲ ಕಡಮೆಯಾಗುತ್ತದೆ, ನಿಜ. ಮಾಡಬೇಕಾದ ಕೆಲಸ ಮಾತ್ರ ಒಂದು ಜೌಲೂ ಕಡಮೆಯಾಗದು. ಅನೇಕರು ಈ ಏರಿನಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುವುದು ನಾಚಿಕೆಯ ವಿಷಯವಲ್ಲ; ಅದು ಲೆಕ್ಕದ ತೀರ್ಪು.

ಕತ್ತಲೆಯಲ್ಲಿ ಕಣ್ಣು

ನಗರದ ದೀಪಗಳನ್ನು ಬಿಟ್ಟು ಹಳ್ಳಿಯ ದಾರಿಗೆ ಇಳಿದಾಗ ಮೊದಮೊದಲು ಏನೂ ಕಾಣದು. ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಗ್ರಾಹಕಕೋಶಗಳಿವೆ. ಶಂಕುಗಳು ಹಗಲಿನವು, ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಅರಿಯುತ್ತವೆ. ದಂಡಗಳು ಇರುಳಿನವು, ಬಣ್ಣವನ್ನರಿಯವು, ಆದರೆ ಅತಿ ಮಂದವಾದ ಬೆಳಕನ್ನೂ ಗ್ರಹಿಸುತ್ತವೆ. ದಂಡಗಳಲ್ಲಿರುವ ರೊಡಾಪ್ಸಿನ್ ಎಂಬ ದ್ರವ್ಯ ಪ್ರಖರವಾದ ಬೆಳಕಿನಲ್ಲಿ ವಿಭಜನೆಯಾಗುತ್ತದೆ. ಕತ್ತಲೆಯಲ್ಲಿ ಎ ಜೀವಸತ್ತ್ವದ ನೆರವಿನಿಂದ ಮತ್ತೆ ಕೂಡುತ್ತದೆ. ಇದು ಪೂರ್ಣವಾಗಲು ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕು. ಎದುರಿನ ಮೋಟಾರಿನ ದೀಪ ಒಮ್ಮೆ ಕಣ್ಣಿಗೆ ಹೊಡೆಯಿತೆಂದರೆ ಈ ಗಳಿಕೆಯ ಬಹುಭಾಗ ಒಂದೇ ಕ್ಷಣದಲ್ಲಿ ಕರಗುತ್ತದೆ.

ಆದರೆ ಮುಂದೆ ಹೋಗುವ ಸೈಕಲ್ಲುಗಳ ಕೆಂಪು ದೀಪ ಅಷ್ಟು ಬಾಧಿಸದು. ದಂಡಕೋಶಗಳು ಕೆಂಪಿಗೆ ಬಹುಮಟ್ಟಿಗೆ ಕುರುಡು. ಮುಸ್ಸಂಜೆಯಲ್ಲಿ ಕೆಂಪು ಹೂ ಕಪ್ಪಾಗಿ, ಹಸುರೆಲೆ ತಿಳಿಯಾಗಿ ತೋರುವುದನ್ನು ೧೯ನೆಯ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಗಮನಿಸಿದ್ದೂ ಇದೇ ಕಾರಣದಿಂದ ಆಗುವ ಸಂಗತಿಯನ್ನು.

ಇರುಳಿನಲ್ಲಿ ನಾವು ಕಾಣುವುದಕ್ಕಿಂತ ಇತರರಿಗೆ ನಾವು ಕಾಣುವುದು ಮುಖ್ಯ. ಸೈಕಲ್ಲಿನ ಹಿಂದಿರುವ ಪ್ರತಿಫಲಕವನ್ನು ಹತ್ತಿರದಿಂದ ನೋಡಿರಿ. ಅದರಲ್ಲಿ ಪರಸ್ಪರ ಲಂಬವಾಗಿರುವ ಮೂರು ಮುಖಗಳ ಪುಟ್ಟ ಮೂಲೆಗಳು ನೂರಾರು ಇವೆ. ಇಂಥ ಮೂಲೆಗೆ ಬಿದ್ದ ಕಿರಣ ಮೂರು ಸಲ ಪ್ರತಿಫಲಿಸಿ, ಬಂದ ದಿಕ್ಕಿಗೇ ಹಿಂತಿರುಗುತ್ತದೆ. ಮೋಟಾರಿನ ದೀಪದ ಬೆಳಕು ಚಾಲಕನ ಕಣ್ಣಿನ ಕಡೆಗೇ ಮರಳಿ ಬರುವುದು ಹೀಗೆ. ೧೯೭೩ರಲ್ಲಿ ಗುನ್ನಾರ್ ಯೊಹಾನ್ಸನ್ ಎಂಬ ಸ್ವೀಡನ್ನಿನ ಮನೋವಿಜ್ಞಾನಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದನು. ಕತ್ತಲೆಯಲ್ಲಿ ಮನುಷ್ಯನ ಕೀಲುಗಳಲ್ಲಿ ಮಾತ್ರ ಬೆಳಕಿನ ಚುಕ್ಕೆಗಳನ್ನಿಟ್ಟರೆ, ಅವನು ನಿಂತಿರುವಾಗ ಅದು ಏನೆಂದು ತಿಳಿಯದು; ಚಲಿಸಿದೊಡನೆ ಮನುಷ್ಯನೆಂದು ಗೊತ್ತಾಗುತ್ತದೆ. ಆದುದರಿಂದ ಹೊಳೆಯುವ ಪಟ್ಟಿಯನ್ನು ಎದೆಗೆ ಮಾತ್ರವಲ್ಲದೆ ಕಣಕಾಲಿಗೂ ಮೊಣಕಾಲಿಗೂ ಕಟ್ಟುವುದು ಲೇಸು. ಮೇಲೆ ಕೆಳಗೆ ಆಡುವ ಕಾಲು "ಇಲ್ಲಿ ಮನುಷ್ಯನಿದ್ದಾನೆ" ಎಂದು ದೂರದಿಂದಲೇ ಸಾರುತ್ತದೆ.

ಒಳಗಿನ ಗಡಿಯಾರ

ಬೇಸಗೆಯ ನಡುವಿನಲ್ಲಿ ಲಂಡನ್ನಿನ ಇರುಳು ಬಹಳ ಗಿಡ್ಡ. ಆ ನಗರ ೫೧.೫ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳ ಕೊನೆಯಲ್ಲಿ ಸೂರ್ಯ ನಡುರಾತ್ರಿಯಲ್ಲಿಯೂ ದಿಗಂತದಿಂದ ೧೫ ಡಿಗ್ರಿಯಷ್ಟೇ ಕೆಳಗಿರುತ್ತಾನೆ. ಪೂರ್ಣ ಕತ್ತಲೆಗೆ ೧೮ ಡಿಗ್ರಿ ಇಳಿಯಬೇಕು. ಹಾಗಾಗಿ ಉತ್ತರದ ಅಂಚಿನಲ್ಲಿ ಸಂಧ್ಯೆಯ ಮಸಕು ಬೆಳಕು ರಾತ್ರಿಯೆಲ್ಲ ಸುಳಿಯುತ್ತಿರುತ್ತದೆ.

ಆದರೆ ದೇಹದ ಇರುಳು ಅಷ್ಟು ಬೇಗ ಕಳೆಯದು. ಮಿದುಳಿನ ತಳಭಾಗದಲ್ಲಿರುವ ಒಂದು ಪುಟ್ಟ ಕೋಶಸಮೂಹ ನಮ್ಮ ದಿನದ ಗಡಿಯಾರ. ಈ ಬಗೆಯ ಗಡಿಯಾರಗಳು ಜೀವಕೋಶದೊಳಗೆ ನಡೆಯುವ ರೀತಿಯನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಅಮೆರಿಕದ ಮೂವರು ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರದ ಆಣತಿಯಂತೆ ಬೆಳಗಿನ ನಾಲ್ಕು ಐದು ಗಂಟೆಯ ಸುಮಾರಿಗೆ ಮೈಯ ಉಷ್ಣತೆ ಅತ್ಯಂತ ಕೆಳಮಟ್ಟಕ್ಕೆ ಇಳಿಯುತ್ತದೆ, ಗಮನ ಜಾರುತ್ತದೆ, ಬ್ರೇಕ್ ಹಿಡಿಯುವ ಕೈ ತಡವಾಗುತ್ತದೆ. ೧೭ ಗಂಟೆ ನಿದ್ದೆಗೆಟ್ಟವನ ಚುರುಕು, ರಕ್ತದಲ್ಲಿ ನೂರಕ್ಕೆ ೦.೦೫ರಷ್ಟು ಮದ್ಯಸಾರವಿರುವವನ ಚುರುಕಿಗೆ ಇಳಿಯುತ್ತದೆ ಎಂದು ೧೯೯೭ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ಬೆಳಗ್ಗೆ ಏಳಕ್ಕೆ ಎದ್ದವನಿಗೆ ಈ ೧೭ ಗಂಟೆ ತುಂಬುವುದು ಸರಿಯಾಗಿ ನಡುರಾತ್ರಿಗೆ! ಆದಕಾರಣ ಸವಾರಿಯ ದಿನ ಮಧ್ಯಾಹ್ನದ ನಿದ್ದೆ ಸೋಮಾರಿತನವಲ್ಲ, ಸಿದ್ಧತೆ. ಗುರಿ ಮುಟ್ಟಿದ ಮೇಲೆ ತಾನೇ ಮೋಟಾರು ನಡೆಸಿಕೊಂಡು ಮನೆಗೆ ಹೊರಡುವುದು ಸವಾರಿಗಿಂತ ಹೆಚ್ಚು ಅಪಾಯದ ಕೆಲಸ.

ಚಳಿಯ ವಿಷಯವನ್ನೂ ಹೇಳಬೇಕು. ಏರಿನಲ್ಲಿ ಬೆವತ ಮೈ ಇಳಿಜಾರಿನಲ್ಲಿ ಗಾಳಿಗೆ ಒಡ್ಡಿದಾಗ, ಆವಿಯಾಗುವ ಒಂದೊಂದು ಗ್ರಾಂ ಬೆವರೂ ಸುಮಾರು ೨,೪೦೦ ಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. ಮೇಲಾಗಿ ಇರುಳಿನಲ್ಲಿ ತಂಪಾದ ಭಾರವಾದ ಗಾಳಿ ಕಣಿವೆಗಳಲ್ಲಿ ಇಳಿದು ನಿಲ್ಲುತ್ತದೆ. ಶಿಖರದಲ್ಲಿಯೇ ಒಂದು ಮೇಲಂಗಿಯನ್ನು ತೊಟ್ಟು ಇಳಿಯುವವನೇ ವಿವೇಕಿ.

ಹೃದಯದ ಪಾಲು

ಇಷ್ಟೆಲ್ಲ ಶ್ರಮವೂ ಯಾವುದಕ್ಕಾಗಿ? ಎದೆಯೊಳಗಿನ ಒಂದು ಮುಷ್ಟಿಗಾತ್ರದ ಪಂಪಿಗಾಗಿ. ವಿಶ್ರಾಂತಿಯಲ್ಲಿ ಹೃದಯವು ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ನೂಕುತ್ತದೆ. ಹದವಾಗಿ ಸೈಕಲ್ ತುಳಿಯುವಾಗ ಅದು ೧೨ ಲೀಟರಿನವರೆಗೆ ಏರುತ್ತದೆ. ಲಂಡನ್ನಿನಿಂದ ಬ್ರೈಟನ್ನಿಗೆ ಗಂಟೆಗೆ ೨೦ ಕಿಲೋಮೀಟರಿನಂತೆ ೨೬೦ ನಿಮಿಷ. ಆ ಅವಧಿಯಲ್ಲಿ ಹೃದಯ ನೂಕುವ ರಕ್ತ ಮೂರು ಸಾವಿರ ಲೀಟರಿಗೂ ಮಿಕ್ಕುತ್ತದೆ. ಈ ದುಡಿಮೆಗೆ ಬೇಕಾದ ಆಮ್ಲಜನಕವನ್ನು ಹೃದಯದ ಸ್ನಾಯುವಿಗೆ ತರುವವು ಅದನ್ನು ಕಿರೀಟದಂತೆ ಸುತ್ತಿರುವ ಧಮನಿಗಳು. ಇವು ಕೊಬ್ಬುಗಟ್ಟಿ ಕಿರಿದಾದರೆ ಎದೆನೋವು. ಮುಚ್ಚಿಯೇ ಹೋದರೆ ಹೃದಯಾಘಾತ.

ಹೃದ್ರೋಗಕ್ಕೂ ದೇಹಶ್ರಮಕ್ಕೂ ಇರುವ ಸಂಬಂಧ ಮೊದಲು ಸ್ಪಷ್ಟವಾಗಿ ಕಂಡದ್ದು ಇದೇ ಲಂಡನ್ನಿನ ಬೀದಿಗಳಲ್ಲಿ. ಜೆರೆಮಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ ಆ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ ೧೯೫೩ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ದಿನವೆಲ್ಲ ಕುಳಿತಿರುವ ಚಾಲಕರಿಗಿಂತ, ದಿನವೆಲ್ಲ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಮೆಯಾಗಿತ್ತು. ಆದರೆ ದಪ್ಪಗಿರುವವರೇ ಚಾಲಕರ ಕೆಲಸಕ್ಕೆ ಸೇರುತ್ತಿದ್ದರೆ? ಮಾರಿಸನೇ ಈ ಸಂದೇಹವನ್ನು ಎತ್ತಿಕೊಂಡು ಸಮವಸ್ತ್ರಗಳ ಅಳತೆಯ ದಾಖಲೆಗಳನ್ನು ತೆಗೆಸಿ ನೋಡಿದನು. ಚಾಲಕರ ಸೊಂಟದ ಅಳತೆ ನಿಜವಾಗಿಯೂ ಹೆಚ್ಚಾಗಿತ್ತು! ಒಂದು ವ್ಯತ್ಯಾಸಕ್ಕೆ ಎರಡು ಕಾರಣಗಳಿರಬಹುದೆಂದು ಒಪ್ಪಿಕೊಂಡು, ಅವನು ಬೇರೆ ಬೇರೆ ವೃತ್ತಿಯವರಲ್ಲಿ ದಶಕಗಳ ಕಾಲ ಶೋಧವನ್ನು ಮುಂದುವರಿಸಿದನು. ೧೯೯೦ರಲ್ಲಿ ಪ್ರಕಟವಾದ ಅವನ ಅಧ್ಯಯನದಲ್ಲಿ, ಸರಕಾರಿ ನೌಕರರ ಪೈಕಿ ಬಿರುಸಾದ ವ್ಯಾಯಾಮ ಮಾಡುವವರಲ್ಲಿ ಹೃದಯಾಘಾತ ಕಡಮೆಯೆಂದು ಮತ್ತೆ ಕಂಡುಬಂತು. ಆ ವ್ಯಾಯಾಮಗಳಲ್ಲಿ ಸೈಕಲ್ ತುಳಿಯುವುದೂ ಒಂದು. ತನ್ನ ತೀರ್ಮಾನವನ್ನು ತಾನೇ ಜರಡಿ ಹಿಡಿದ ಈ ನಡತೆ ವಿದ್ಯಾರ್ಥಿಗಳಿಗೆ ಮೇಲ್ಪಂಕ್ತಿಯಾಗತಕ್ಕದ್ದು. ಮಾರಿಸ್ ೨೦೦೯ರಲ್ಲಿ, ತನ್ನ ೯೯ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಬ್ರಿಟಿಷ್ ಹಾರ್ಟ್ ಫೌಂಡೇಷನ್ ಸ್ಥಾಪಿತವಾದದ್ದು ೧೯೬೧ರಲ್ಲಿ. ಹೃದ್ರೋಗದ ಸಾವುಗಳು ಹೆಚ್ಚುತ್ತಿರುವುದನ್ನು ಕಂಡು ಕಳವಳಗೊಂಡ ವೈದ್ಯರ ಯತ್ನದಿಂದ. ಸವಾರರು ತಂದ ಹಣ ಸಂಶೋಧನೆಗೆ ಸಲ್ಲುತ್ತದೆ. ಈ ಮಾತು ನಮಗೆ ದೂರದ್ದಲ್ಲ. ಬ್ರಿಟನ್ನಿನಲ್ಲಿ ನೆಲಸಿರುವ ಭಾರತ ಮೂಲದವರಲ್ಲಿ ಹೃದ್ರೋಗ ಅಲ್ಲಿಯ ಇತರರಿಗಿಂತ ಹೆಚ್ಚೆಂದೂ, ಚಿಕ್ಕ ವಯಸ್ಸಿನಲ್ಲಿಯೇ ಬರುತ್ತದೆಂದೂ ಅಧ್ಯಯನಗಳು ತೋರಿಸಿವೆ.

ಹಾಗೆಂದು ನಾಳೆಯೇ ೮೭ ಕಿಲೋಮೀಟರು ಹೊರಡಬೇಕಾಗಿಲ್ಲ. ಸಾಮರ್ಥ್ಯವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಬೆಳೆಸಬೇಕು. ಎದೆನೋವಿನ ಸುಳಿವಿದ್ದವರು ಮೊದಲು ವೈದ್ಯರನ್ನು ಕಾಣಬೇಕು. ಒಂದು ರಾತ್ರಿಯ ಸಾಹಸ ಸಂಶೋಧನಾಲಯಕ್ಕೆ ಹಣವನ್ನು ತರಬಹುದು; ಆದರೆ ಸವಾರನ ಸ್ವಂತ ಹೃದಯವನ್ನು ಕಾಯುವುದು ದಿನದಿನದ ತುಳಿತ. ಶಾಲೆಗೋ ಕಾಲೇಜಿಗೋ ದಿನವೂ ಸೈಕಲ್ಲಿನಲ್ಲಿ ಹೋಗಿಬರುವ ವಿದ್ಯಾರ್ಥಿ, ಯಾರಿಂದಲೂ ಒಂದು ಕಾಸನ್ನೂ ಬೇಡದೆ, ಆ ಕೆಲಸವನ್ನು ಆಗಲೇ ತೊಡಗಿದ್ದಾನೆ.