ಗುಟ್ಕಾಕ್ಕೆ ಸೋಲುವ ಜೀವಕೋಶದ ಕಾವಲುಗಾರ

ವಾಸ್ಕೊ: ಗುಟ್ಕಾ ನಿಷೇಧಕ್ಕೆ ಗೋವಾ 2005ರಲ್ಲೇ ಕಾನೂನು ತಂದಿತು. ಕರ್ನಾಟಕದಲ್ಲಿ ನಿಷೇಧ ಬಂದದ್ದು 2013ರಲ್ಲಿ. ಆದರೆ ಚಟ ಬಿಡಿಸುವುದು ಕಾನೂನಿನಿಂದಷ್ಟೇ ಆಗುವ ಮಾತಲ್ಲ. ಬೈನಾ, ಝುವಾರಿನಗರದ ಕನ್ನಡಿಗರಲ್ಲಿ ‘ಒಂದು ಚೀಟಿಗೆ ಏನಾಗತೈತಿ?’ ಎನ್ನುವವರು ಜೀವಕೋಶದೊಳಗಿನ ಲೆಕ್ಕ ತಿಳಿಯಬೇಕು.

ಬಾಯಿಯ ಒಳಪದರ ಸವೆದಂತೆ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಒಂದು ಕೋಶ ಎರಡಾಗುವ ಮುನ್ನ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎ ನಕಲಾಗಬೇಕು. ತಂಬಾಕಿನ ವಿಷ ಈ ಡಿಎನ್‌ಎಗೆ ಅಂಟಿ ಹಾನಿ ಮಾಡುತ್ತದೆ. ಆಗ ಪಿ53 ಎಂಬ ಪ್ರೋಟೀನ್ ನಕಲು ಕೆಲಸ ತಡೆದು ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. 1979ರಲ್ಲಿ ಪತ್ತೆಯಾದ ಇದಕ್ಕೆ ವಿಜ್ಞಾನಿಗಳು ಕೊಟ್ಟ ಬಿರುದು ‘ಜೀನೋಮ್‌ನ ಕಾವಲುಗಾರ’. ಪಿ53 ತಯಾರಿಸುವ ವಂಶವಾಹಿಗೇ ಪೆಟ್ಟು ಬಿದ್ದರೆ ತಡೆಯುವವರಿಲ್ಲ. ಕೆಟ್ಟ ಕೋಶಗಳು ಬೆಳೆಯುತ್ತಾ ಹೋಗುತ್ತವೆ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಈ ವಂಶವಾಹಿ ಕೆಟ್ಟಿರುತ್ತದೆ.

ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದೆ.

ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ತೊಂದರೆ ಇದ್ದವರು ‘ಜಾತ್ರೆಗೆ ಊರಿಗೆ ಹೋದಾಗ ತೋರಿಸಿದರಾಯ್ತು’ ಎನ್ನದೆ ಬಾಂಬೋಳಿಯ ಸರ್ಕಾರಿ ದಂತ ಕಾಲೇಜು ಆಸ್ಪತ್ರೆಗೆ ಹೋಗುವುದು ಒಳಿತು.